ಅವ್ವನ ತುಪ್ಪ, ಹತ್ತೊಂಬತ್ತನೇ ಗೇಟು

ನಮ್ಮ ಕೊಪ್ಪಳದಾಗ ಏಪ್ರಿಲ್ ಬಂತಂದ್ರ ತುಪ್ಪ ತನ್ನಷ್ಟಕ್ಕ ತಾನ ಎಣ್ಣಿ ಆಗ್ತತಿ, ಕೊಬ್ಬರಿ ಎಣ್ಣಿ ನೀರಾಗ್ತತಿ, ಮನಶ್ಯಾರೂ ಅರ್ಧಾ ಕರಗಿರ್ತಾರ. ಇದು ಎಲ್ಲಾರಿಗೂ ಗೊತ್ತಿರೋ ಮಾತು. ಆದ್ರ ಇದು ಅಂತಾರಾಷ್ಟ್ರೀಯ ಭದ್ರತೆಯ ವಿಷಯ ಅನ್ನೋದು ನನಗ ಗೊತ್ತಾಗಿದ್ದು ಮೊನ್ನೆ ಏರ್‌ಪೋರ್ಟಿನ್ಯಾಗ. ಯಾವ ಊರಿನ ಏರ್‌ಪೋರ್ಟ್ ಅಂತ ಮಾತ್ರ ಕೇಳಬ್ಯಾಡ್ರಿ, ವಾಪಸ್ ನಾನು ಅಲ್ಲೇ ಇಳೀಬೇಕು.

ಆಗಿದ್ದಿಷ್ಟ. ತಂಗಿ ದುಬೈದಾಗ ಹಡದಾಳ. ಅವ್ವಗ ಮಣಕಾಲ ಬ್ಯಾನಿ, ಹೋಗಾಕ ಆಗಂಗಿಲ್ಲ, ಹಂಗಂತ ಬಾಣಂತನ ಬಿಡಾಕ ಆಗ್ತತೇನು, ಅದಕ್ಕ ಬಾಣಂತನಾನ ಡಬ್ಬಿಯೊಳಗ ತುಂಬಿ ನನ್ನ ಕೈಯಾಗ ಕೊಟ್ಲು. ಅಂಟಿನುಂಡಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಒಣ ಮೆಣಸಿನಕಾಯಿ, ಕಟಕ ರೊಟ್ಟಿ ಒಂದು ಐವತ್ತು, ಮತ್ತ ಮನ್ಯಾಗ ಕಾಸಿದ ತುಪ್ಪ ಅರ್ಧಾ ಕೇಜಿ. ಆ ತುಪ್ಪದ ಡಬ್ಬಿ ಸ್ಟೀಲಿಂದು, ಅವ್ವನ ಮದುವ್ಯಾಗ ಬಂದದ್ದು, ಮ್ಯಾಲ ಚುಕ್ಕಿ ಚುಕ್ಕಿಯಾಗಿ ಹೆಸರು ಕೊರಸ್ಯಾರ. ನಾನೂ ಏನು ದಡ್ಡ ಅಲ್ಲ ಬಿಡ್ರಿ. ದುಬೈಗೆ ಗಸಗಸಿ ಒಯ್ಯಂಗಿಲ್ಲ, ಅಲ್ಲಿ ಅದನ್ನ ಮಾದಕ ವಸ್ತು ಅಂತ ಹಿಡೀತಾರ ಅಂತ ಮೊದಲ ಕೇಳಿ ತಿಳಕೊಂಡಿದ್ದೆ, ಅವ್ವಗ ಹೇಳಿ ಉಂಡಿಗೆ ಗಸಗಸಿ ಹಾಕೋದು ಬಿಡಿಸಿದ್ದೆ. "ಗಸಗಸಿ ಇಲ್ಲದ್ದು ಅದೆಂಥಾ ಉಂಡಿಯಪಾ" ಅಂತ ಎರಡ್ ದಿನ ಮಾತಾಡಿರಲಿಲ್ಲ. ಅಷ್ಟು ಹುಷಾರಿ ನಾನು. ತುಪ್ಪದ ಮ್ಯಾಲ ಮಾತ್ರ ಡೌಟೇ ಬರಲಿಲ್ಲ.

ಚೆಕ್‌ಇನ್ ಕೌಂಟರಿನ್ಯಾಗ ತೂಕ ಮೂರ್ ಕೇಜಿ ಜಾಸ್ತಿ ಬಂತು. ಎಲ್ಲಾರ ಮುಂದ ನೆಲದ ಮ್ಯಾಲ ಸೂಟ್‌ಕೇಸ್ ಬಿಚ್ಚಿ ಕುಂತು, ಮಾನ ಮರ್ಯಾದಿ ಎಲ್ಲಾ ಹರವಿ, ಉಂಡಿ ಡಬ್ಬಿ ತುಪ್ಪದ ಡಬ್ಬಿ ತೆಗದು ಕೈಚೀಲದಾಗ ಹಾಕ್ಕೊಂಡೆ. ಸೆಕ್ಯೂರಿಟಿ ಬೆಲ್ಟಿನ ಮ್ಯಾಲ ಚೀಲ ಒಳಗ ಹೋತು, ಹೊರಗ ಬರೂದ್ರಾಗ ಬ್ಯಾರೆ ಲೈನಿಗೆ ತಿರುಗ್ತು. ಯುನಿಫಾರ್ಮ್ ಹಾಕ್ಕೊಂಡ ಸಾಹೇಬ್ರು ಡಬ್ಬಿ ತೆಗದು ಮುಚ್ಚಳ ಬಿಚ್ಚಿದ್ರು, ಘಮ್ ಅಂತು, ಹಿಂದ ನಿಂತವರು ಸುದ್ದಾ ಕುತಗಿ ಉದ್ದ ಮಾಡಿ ನೋಡಿದ್ರು.

"ಯೇ ಲಿಕ್ವಿಡ್ ಹೈ, ನಹೀ ಜಾಯೇಗಾ."

"ಸಾರ್, ಇದು ಲಿಕ್ವಿಡ್ ಅಲ್ರಿ, ತುಪ್ಪ. ಬ್ಯಾಸಗಿ ಅಂತ ಕರಗೇತಿ. ನಿಮ್ಮ ಏಸಿ ಮಸ್ತ್ ಐತಿ, ಅರ್ಧಾ ತಾಸು ತಡೀರಿ, ಗಟ್ಟಿ ಆಗ್ತತಿ."

ಸಾಹೇಬ್ರು ನಗಲಿಲ್ಲ. ಬಾಜೂಕ ನಿಂತಿದ್ದ ಇನ್ನೊಬ್ಬರು, ಪಾಪ ನಮ್ಮ ಕಡೆಯವರ ಇರಬೇಕು, ಸಣ್ಣ ದನಿಲೆ ಹೇಳಿದ್ರು, "ಗಟ್ಟಿ ಆದ್ರ ಅದು ಜೆಲ್ ಆಗ್ತತ್ರಿ ಯಜಮಾನ್ರ, ಜೆಲ್ಲೂ ಬಿಡಂಗಿಲ್ಲ."

ತಗೋರಿ. ಶಾಲ್ಯಾಗ ಮಾಸ್ತರು ಘನ, ದ್ರವ, ಅನಿಲ ಅಂತ ಬಡದು ಬಡದು ಕಲಿಸಿದ್ದು ಎಲ್ಲಾ ಸುಳ್ಳಾತು. ಇಲ್ಲಿ ಮೊಸರು ದ್ರವ, ಉಪ್ಪಿನಕಾಯಿ ದ್ರವ, ಟೂತ್‌ಪೇಸ್ಟ್ ದ್ರವ, ಹಚ್ಚಿಕೊಳ್ಳೋ ಕ್ರೀಮೂ ದ್ರವ. ಇನ್ನ ಮಜಾ ಕೇಳ್ರಿ. ಆ ಅಂಟಿನುಂಡಿ ಡಬ್ಬಿ ಬಿಚ್ಚಿ ನೋಡಿ, ಮೂಸಿ, "ಓಕೆ" ಅಂದು ಬಿಟ್ರು. ಆ ಉಂಡಿಗೆ ಅವ್ವ ಅರ್ಧಾ ಕೇಜಿಗಿಂತ ಜಾಸ್ತಿ ತುಪ್ಪ ಸುರುವ್ಯಾಳ, ಕೈಯಾಗ ಹಿಡದ್ರ ಮಣಕಟ್ಟಿನ ತನಕ ಇಳೀತತಿ! ಅಂದ್ರ ತುಪ್ಪ ತುಪ್ಪಾಗಿ ಬಂದ್ರ ಅಪಾಯ, ಉಂಡಿ ವೇಷದಾಗ ಬಂದ್ರ ಪ್ರಯಾಣಿಕ.

ರೂಲ್ ಏನಂದ್ರ ಒಂದು ಡಬ್ಬಿ 100 ಎಂಎಲ್, ಅದರ ಮ್ಯಾಲ ಇಲ್ಲ, ಅಂಥಾವೆಲ್ಲಾ ಒಂದು ಲೀಟರಿನ ಪಾರದರ್ಶಕ ಪ್ಲಾಸ್ಟಿಕ್ ಚೀಲದಾಗ ಹಿಡೀಬೇಕು, ಒಬ್ಬರಿಗೆ ಒಂದ ಚೀಲ. ಅದೂ ಒಳಗ ಎಷ್ಟೈತಿ ಅನ್ನೋದು ಲೆಕ್ಕಕ್ಕಿಲ್ಲ, ಡಬ್ಬಿ ಎಷ್ಟರದು ಅನ್ನೋದು ಲೆಕ್ಕ. ನನ್ನ ಮುಂದ ಒಬ್ಬಾವ ಕೊನೀ ತನಕ ಹಿಂಡಿ ಹಿಂಡಿ ಸುರುಳಿ ಮಾಡಿದ 150 ಗ್ರಾಂ ಪೇಸ್ಟ್ ಟ್ಯೂಬ್ ತಂದಿದ್ದ, ಅದರಾಗ ಇನ್ನೊಂದು ಹೊತ್ತಿಗೆ ಹಲ್ಲುಜ್ಜಿದ್ರ ಹೆಚ್ಚು, ಅದನ್ನೂ ಕಸದ ಡ್ರಮ್ಮಿಗೆ ಒಗದ್ರು. ಹತ್ತು ಬಾಟ್ಲಿ ನೂರ್ ನೂರು ಎಂಎಲ್ ತಂದ್ರ, ಚೀಲದಾಗ ಹಿಡಿದ್ರ, ಸಾವಕಾಶ ಹೋಗಬಹುದು. ನಾಕು ಮಂದಿ ಗೆಳ್ಯಾರು ಕೂಡಿ ಹೋದ್ರ ನಾಕು ಲೀಟರ್. ಯಾರೂ ಏನೂ ಕೇಳಂಗಿಲ್ಲ.

ಆ ಡ್ರಮ್ಮಿನ ಬಗ್ಗೆ ಒಂದು ಮಾತು. ಬಾಂಬ್ ಇದ್ದರೂ ಇರಬಹುದು ಅಂತ ಕಿತ್ತಗೊಂಡ ಬಾಟ್ಲಿ ಎಲ್ಲಾ ಅದರಾಗ ಧಡ್ ಧಡ್ ಅಂತ ಒಗೀತಾರ, ಒಂದರ ಮ್ಯಾಲ ಒಂದು, ಅದರ ಸುತ್ತ ಇನ್ನೂರು ಮಂದಿ ಪಾಳಿ. ಅದನ್ನ ಖಾಲಿ ಮಾಡೋ ಅಕ್ಕ ಸೆರಗು ಸೊಂಟಕ್ಕ ಸಿಗಿಸಿ, ಡ್ರಮ್ಮು ಸೊಂಟಕ್ಕ ಆನಿಸಿ ದಬದಬ ಎಳಕೊಂಡು ಹೋದ್ಲು. ಆಕಿಗೆ ಹೆಲ್ಮೆಟ್ ಇಲ್ಲ, ಏನಿಲ್ಲ.

ಈ ರೂಲ್ ಸುಮ್ನ ಬಂದಿಲ್ಲ, ಅದನ್ನೂ ಹೇಳಬೇಕು. 2006ರ ಆಗಸ್ಟ್ 10ಕ್ಕ ಬ್ರಿಟನ್ ಪೊಲೀಸರು ಒಂದು ಸಂಚು ಬಯಲಿಗೆ ತಂದ್ರು. ಕೂಲ್‌ಡ್ರಿಂಕ್ಸ್ ಬಾಟ್ಲ್ಯಾಗ ಹೈಡ್ರೋಜನ್ ಪೆರಾಕ್ಸೈಡಿನ ಸ್ಫೋಟಕ ತುಂಬಿ ಅಮೆರಿಕಾ ಕೆನಡಾ ಕಡೆ ಹೋಗೋ ವಿಮಾನದಾಗ ಸಿಡಿಸೋ ವಿಚಾರ ಅವರದು. ಖರೇನ ಸಂಚು, ಮುಂದ ಶಿಕ್ಷೆನೂ ಆತು. ಆವತ್ತಿನ ಗಾಬರ್ಯಾಗ ಕೂಸಿನ ಹಾಲನ್ನ ತಾಯಿ ಸಿಬ್ಬಂದಿ ಮುಂದ ಕುಡದು ತೋರಿಸಬೇಕಿತ್ತಂತ. ಅದ ವರ್ಷ ಸೆಪ್ಟೆಂಬರಿಗೆ ಅಮೆರಿಕಾದವರು, ನವೆಂಬರಿಗೆ ಯೂರೋಪಿನವರು ಈ ನೂರು ಎಂಎಲ್ ಲೆಕ್ಕ ತಂದ್ರು. ಆತು, ಒಪ್ಪಿದ್ವಿ. ಆದ್ರ 2020ರ ಮಾರ್ಚಿನ್ಯಾಗ ಕೊರೋನಾ ಬಂತು ನೋಡ್ರಿ, ಅಮೆರಿಕಾದಾಗ ಸ್ಯಾನಿಟೈಸರ್ ಒಂದಕ್ಕ 12 ಔನ್ಸ್ ತನಕ, ಅಂದ್ರ 350 ಎಂಎಲ್ ಮ್ಯಾಲ, ಕೈಚೀಲದಾಗ ಬಿಟ್ರು. ಸ್ಯಾನಿಟೈಸರ್ ಅಂದ್ರ ಪಕ್ಕಾ ಸ್ಪಿರಿಟ್, ಕಡ್ಡಿ ಗೀರಿದ್ರ ಭಗ್ ಅಂತತಿ. ಅದಕ್ಕ ಪಾಸು. ನೀರಿಗೆ ಇಲ್ಲ.

ಈಗ ಹೊಸಾ ಸ್ಕ್ಯಾನರ್ ಬಂದಾವು, ಸಿಟಿ ಸ್ಕ್ಯಾನ್ ಇದ್ದಂಗ, ಬಾಟ್ಲಿ ಒಳಗೇನೈತಿ ಅಂತ ಕಂಡು ಹಿಡೀತಾವ. ಅದನ್ನ ನಂಬಿ 2023ರ ಏಪ್ರಿಲ್‌ದಾಗ ಲಂಡನ್ನಿನ ಒಂದು ಏರ್‌ಪೋರ್ಟಿನವರು ಎರಡು ಲೀಟರ್ ತನಕ ತಗೊಂಡ್ ಬರ್ರಿ ಅಂದ್ರು, 2024ರ ಜೂನ್‌ದಾಗ ಇಲ್ಲ ಇಲ್ಲ ಮತ್ತ ನೂರು ಅಂದ್ರು, ಸೆಪ್ಟೆಂಬರಿಗೆ ಯೂರೋಪೂ ನೂರು ಅಂತು, 2025ರಾಗ ಎಡಿನ್‌ಬರೋದವರು ಮತ್ತ ಎರಡು ಲೀಟರ್ ಅಂದ್ರು. ನಮ್ಮ ಗಂಗಾವತಿ ಮಾರ್ಕೆಟ್‌ನ್ಯಾಗ ಭತ್ತದ ರೇಟೂ ಇಷ್ಟು ಕುಣಿಯಂಗಿಲ್ಲ. ನಮ್ಮಲ್ಲಿ ನೋಡಿದ್ರ ದೇಶದ ಒಳಗ ಹಾರೋರು ನೀರಿನ ಬಾಟ್ಲಿ ಹಿಡಕೊಂಡ ಹೋಗ್ತಾರ, ಪಾಸ್‌ಪೋರ್ಟ್ ತೋರಿಸೋ ಲೈನಿಗೆ ಬಂದ್ರ ಅದ ನೀರಿಗೆ ವಿಷ ಹತ್ತತತಿ.

ಸಾಹೇಬ್ರು ಡಬ್ಬಿ ಹಿಡಕೊಂಡ ನಿಂತಾಗ ನನಗ ನೆನಪಾಗಿದ್ದು ನಮ್ಮ ಡ್ಯಾಮು. ನಗಬ್ಯಾಡ್ರಿ. ಅದೂ ಆಗಸ್ಟ್ 10, 2024ನೇ ಇಸ್ವಿ. ರಾತ್ರ್ಯಾಗ ತುಂಗಭದ್ರಾ ಡ್ಯಾಮಿನ 19ನೇ ಗೇಟಿನ ಚೈನ್ ಕಿತ್ತು ಗೇಟ್ ಕೊಚ್ಚಿ ಹೋತು. ಅದೊಂದ ಗೇಟಿನ್ಯಾಗ 35 ಸಾವಿರ ಕ್ಯೂಸೆಕ್ ಹೊಂಟಿತ್ತು, ಉಳಿದ ಗೇಟ್ ಉಳಸಾಕ ಅಂತ ಅವನ್ನೂ ತೆಗದ್ರು. ನಾ ಕುಂತು ಲೆಕ್ಕಾ ಹಾಕೀನಿ, ಒಂದು ಕ್ಯೂಸೆಕ್ ಅಂದ್ರ ಸೆಕೆಂಡಿಗೆ 28 ಲೀಟರ್ ಚಿಲ್ಲರ, ಅಂದ್ರ ಆ ಒಂದು ಗೇಟಿನ್ಯಾಗ ಸೆಕೆಂಡಿಗೆ ಹತ್ತಿರತ್ತಿರ ಹತ್ತು ಲಕ್ಷ ಲೀಟರ್, ಅಂದ್ರ ನೂರು ಎಂಎಲ್ ಬಾಟ್ಲಿ ಲೆಕ್ಕದಾಗ ಸೆಕೆಂಡಿಗೆ ಒಂದು ಕೋಟಿ ಬಾಟ್ಲಿ. ಕೊಪ್ಪಳ, ರಾಯಚೂರು, ಬಳ್ಳಾರಿ ರೈತರ ಎರಡನೇ ಬೆಳಿ ನೀರು ಅದು. ವಾರದ ತನಕ ಹಂಗ ಹೋತು, ಸ್ಟಾಪ್‌ಲಾಗ್, ಅಂದ್ರ ತಾತ್ಕಾಲಿಕ ಗೇಟು, ಕೂಡಿಸೋ ತನಕ. ಅಷ್ಟು ದ್ರವ ದೇಶದ ಕಣ್ಣಮುಂದ ಗಡಿ ದಾಟಿ ಹೋತಲ್ಲರಿ, ಒಂದು ಸರಪಳಿ ಸವದದ್ದು ಯಾರ ಎಕ್ಸ್‌ರೇದಾಗೂ ಕಾಣಲಿಲ್ಲ. ನಮ್ಮವ್ವನ ತುಪ್ಪ ಮಾತ್ರ ಹತ್ತೇ ಸೆಕೆಂಡಿಗೆ ಸಿಕ್ಕಿತು.

ಕೊನೀಗೆ ನಾ ಅಂದೆ, "ಸಾರ್, ನಾ ಇಲ್ಲೇ ಕುಡೀತೀನಿ." ಲಂಡನ್ನಿನ ತಾಯಂದ್ರು ಹಾಲು ಕುಡದು ತೋರಿಸಿದ್ರಲ್ಲ, ಹಂಗ. ಸಾಹೇಬ್ರು ಪಾಪ ಬೇಡ ಅನ್ನಲಿಲ್ಲ. ಮೂರು ಗುಟುಕು ಇಳಸಿದೆ, ನಾಕನೇದಕ್ಕ ಹೊಟ್ಟಿ ತೊಳಸಿತು, ಡಬ್ಬಿ ಅವರ ಕೈಯಾಗ ಕೊಟ್ಟೆ.

ಒಳಗ ಹೋದ್ರ ಏನ್ ನೋಡ್ತೀರಿ, ಗ್ವಾಡಿಗೆಲ್ಲಾ ಬಾಟ್ಲಿ! ಲೀಟರ್ ಲೀಟರ್ ವಿಸ್ಕಿ, ಸೆಂಟು, ಎಲ್ಲಾ ಉರಿಯೋ ಮಾಲು, ಸೀಲ್ ಮಾಡಿದ ಚೀಲದಾಗ ಹಾಕಿ ಕೈಯಾಗ ಕೊಟ್ಟು "ಹ್ಯಾಪಿ ಜರ್ನಿ" ಅಂತಾರ. ಅದರ ಬಾಜೂಕ ತುಪ್ಪನೂ ಇತ್ತು, ಸಣ್ಣ ಗಾಜಿನ ಶೀಸೆ, ಮ್ಯಾಲ ಆಕಳ ಚಿತ್ರ. ರೇಟ್ ನೋಡಿ ವಾಪಸ್ ಇಟ್ಟೆ. ನೀರಿನ ಬಾಟ್ಲಿ ಮಾತ್ರ ತಗೋಬೇಕಾತು, ತುಪ್ಪ ಕುಡದ ಬಾಯಿ ಅಂಟಿತ್ತು.

ಗೇಟಿನ ಹತ್ರ ಕುಂತು ಅವ್ವಗ ಫೋನ್ ಹಚ್ಚಿದೆ. ಅಂಜಕೋಂತ ಎಲ್ಲಾ ಹೇಳಿದೆ.

"ಹೋಗಲಿ ಬಿಡಪಾ," ಅಂದ್ಲು, "ಅವರ ಮನ್ಯಾಗೂ ಯಾರರ ಬಾಣಂತಿ ಇದ್ದಾರು."

ನನಗ ಹಗುರಾತು. ಅಷ್ಟರಾಗ ದನಿ ಬದಲಾತು.

"ಅಲ್ಲೋ, ಡಬ್ಬಿ ಹೊಳ್ಳಿ ಇಸಗೊಂಡಿ ಹೌದಲ್ಲೋ?"