ಜೀನ್ ಕೆಟ್ಟಿಲ್ಲವಂತೆ, ಮತ್ತೇಕೆ ಚಿಂತೆ!

ಇಂದು ಬೆಳಿಗ್ಗೆ ಒಬ್ಬಾತ ಪಿವಿಸಿ ವೈರುಗಳನ್ನು ರಾಶಿ ಹಾಕಿ ಸುಡುತ್ತಿದ್ದ, ಒಳಗಿನ ತಾಮ್ರಕ್ಕಾಗಿ. ಅವನ ಮೇಲೆ ನನಗೆ ಸಿಟ್ಟಿಲ್ಲ, ಅದು ಅವನ ಹೊಟ್ಟೆಪಾಡು. ಹೊಗೆಯಲ್ಲಿ ಡಯಾಕ್ಸಿನ್ ಎಂಬ ವಿಷ ಹುಟ್ಟುತ್ತದೆ ಎಂದು ನಾನು ಗೊಣಗಿದಾಗ, ಪಕ್ಕದಲ್ಲಿ ನಿಂತಿದ್ದ ವಿದ್ಯಾವಂತರೊಬ್ಬರು ನಕ್ಕು ಹೇಳಿದರು: "ಅದು ಜೀನನ್ನೇನೂ ಬದಲಿಸುವುದಿಲ್ಲ, ಸುಮ್ಮನಿರಿ."

ಉರಿದುಹೋಯಿತು. ಮಾತು ಸುಳ್ಳಾಗಿದ್ದರೆ ಬಿಟ್ಟುಬಿಡುತ್ತಿದ್ದೆ, ಅದು ಅರ್ಧ ನಿಜ. ಡಯಾಕ್ಸಿನ್‌ಗಳಲ್ಲೇ ಘೋರವಾದ ಟಿಸಿಡಿಡಿ, ಡಿಎನ್‌ಎಯ ಒಂದಕ್ಷರವನ್ನೂ ತಾನಾಗಿ ತಿದ್ದುವುದಿಲ್ಲ. ಜೀವಕೋಶದಲ್ಲಿ ತೆಪ್ಪಗೆ ಕುಳಿತಿರುವ ಎಎಚ್‌ಆರ್ ಎಂಬ ಪ್ರೋಟೀನಿಗೆ ಅಂಟಿಕೊಳ್ಳುತ್ತದೆ, ಅಷ್ಟೇ. ಆ ಪ್ರೋಟೀನು ಕೋಶಕೇಂದ್ರಕ್ಕೆ ನುಗ್ಗಿ, ಅಲ್ಲೊಂದು ಜೊತೆಗಾರ ಪ್ರೋಟೀನನ್ನು ಕೂಡಿಕೊಂಡು ಡಿಎನ್‌ಎಯ ಮೇಲೆ ಕೂರುತ್ತದೆ, ಹೊತ್ತಲ್ಲದ ಹೊತ್ತಿನಲ್ಲಿ ಜೀನ್‌ಗಳನ್ನು ಎಬ್ಬಿಸುತ್ತದೆ. ಹಾಗೆ ಏಳುವವುಗಳಲ್ಲಿ ಸಿವೈಪಿ1ಎ1 ಒಂದು, ಹೊರಗಿನಿಂದ ಬಂದ ರಾಸಾಯನಿಕಗಳನ್ನು ಒಡೆಯುವ ಕಿಣ್ವದ ಜೀನ್. ತಮಾಷೆ ನೋಡಿ: ಕರೆದದ್ದು ಟಿಸಿಡಿಡಿ, ಬಂದ ಕಿಣ್ವಕ್ಕೆ ಒಡೆಯಲಾಗದ್ದೂ ಬಹುಮಟ್ಟಿಗೆ ಅದೇ. ಹಾಗಾಗಿ ಕರೆ ನಿಲ್ಲುವುದೇ ಇಲ್ಲ.

ಅಕ್ಷರ ಅಳಿಸದೆಯೂ ಏನೇನು ಆಗಬಹುದು? 1976ರ ಜುಲೈ 10ರಂದು ಇಟಲಿಯ ಸೆವೆಸೊ ಬಳಿಯ ರಾಸಾಯನಿಕ ಕಾರ್ಖಾನೆಯಿಂದ ಟಿಸಿಡಿಡಿ ಬೆರೆತ ಮೋಡ ಎದ್ದಿತು. ಕ್ಲೋರಾಕ್ನೆ ಕಾಣಿಸಿಕೊಂಡದ್ದು ಹೆಚ್ಚಾಗಿ ಮಕ್ಕಳಲ್ಲಿ. ಎಣ್ಣೆ ಒಸರಬೇಕಾದ ಚರ್ಮದ ಗ್ರಂಥಿಗಳು ತಮ್ಮ ಕಸುಬು ಮರೆತು ಗಟ್ಟಿ ಗಂಟುಗಳಾಗುವ ರೋಗ ಅದು. ಆ ಮಕ್ಕಳ ಮುಖದ ಮುಂದೆ ನಿಂತು ಹೇಳಲಿ ನೋಡೋಣ, ಜೀನ್ ಬದಲಾಗಿಲ್ಲ ಎಂದು.

ಪ್ರಮಾಣ ಮುಖ್ಯವಲ್ಲವೇ, ಒಂದು ಸಣ್ಣ ಬೆಂಕಿ ಕಾರ್ಖಾನೆಗೆ ಸಮವೇ ಎಂದು ಯಾರಾದರೂ ಬರೆಯುತ್ತೀರಿ, ಗೊತ್ತು. ಸಮವಲ್ಲ, ಒಪ್ಪಿದೆ. ಆದರೆ ಈ ವಸ್ತು ಕೊಬ್ಬಿನಲ್ಲಿ ಬೇರುಬಿಡುತ್ತದೆ, ಮೈ ಸೇರಿದ್ದರಲ್ಲಿ ಅರ್ಧ ಹೊರಹೋಗಲು 7ರಿಂದ 11 ವರ್ಷ ಬೇಕು. ಅಷ್ಟರಲ್ಲಿ ಎಷ್ಟು ಸಣ್ಣ ಬೆಂಕಿಗಳಾದವು, ಲೆಕ್ಕವಿಟ್ಟವರು ಯಾರು?

ನಾನೂ ಸಾಚಾ ಅಲ್ಲ. ಎಎಚ್‌ಆರ್ ಚಿತ್ರ ಬಿಡಿಸಿ ಪೂರ್ತಿ ಅಂಕ ಗಿಟ್ಟಿಸಿದ ವರ್ಷವೇ, ಹಳೆಯ ನೋಟ್ಸುಗಳನ್ನು ಪ್ಲಾಸ್ಟಿಕ್ ಹೊದಿಕೆಯ ಸಮೇತ ಸುಟ್ಟಿದ್ದೆ. ಬೆಚ್ಚಗಿತ್ತು, ಖುಷಿಯೂ ಆಗಿತ್ತು.

ಅಂದ ಹಾಗೆ, ನಾನು ಇಷ್ಟನ್ನೆಲ್ಲ ಅವರಿಗೆ ಹೇಳುತ್ತಿದ್ದಾಗ ಗಾಳಿ ತಿರುಗಿತು. ವಿದ್ಯಾವಂತರು ಕರವಸ್ತ್ರದಿಂದ ಮೂಗು ಮುಚ್ಚಿಕೊಂಡು, ಮಾತು ನಿಲ್ಲಿಸದೆಯೇ, ಹೊಗೆ ಬಾರದ ಕಡೆಗೆ ಸರಿದು ನಿಂತರು.