ಸೀಲ್ ನೋಡಿ ಬೆಲೆ ಕಟ್ಟಬೇಡಿ

ಹಳೆಯ ಕಂಪ್ಯೂಟರ್ ಆಟಗಳ ಬೆಲೆಯ ಬಗೆಗಿನ ನಿಮ್ಮ ಲೇಖನದಲ್ಲಿ ‘ಅಟ್ಟದಲ್ಲಿ ಲೆಮ್ಮಿಂಗ್ಸ್ ಡಬ್ಬಿ ಸಿಕ್ಕರೆ ನಿಧಿ ಸಿಕ್ಕಂತೆ’ ಎಂದು ಬರೆದಿದ್ದೀರಿ. ಈ ಮಾತನ್ನು ನಾನು ಒಪ್ಪುವುದಿಲ್ಲ. ಹಳೆಯದೆಲ್ಲ ಅಪರೂಪ ಆಗುವುದಿಲ್ಲ. 1991ರಲ್ಲಿ ಅಮಿಗಾ ಕಂಪ್ಯೂಟರ್‌ಗೆ ಬಂದ ಈ ಪಜಲ್ ಆಟ ಆಗಲೇ ಸಿಕ್ಕಾಪಟ್ಟೆ ಮಾರಾಟವಾಗಿತ್ತು. ಸಾಲದ್ದಕ್ಕೆ ‘ಕಾರ್ಟೂನ್ ಕ್ಲಾಸಿಕ್ಸ್’ ಎಂಬ ಪ್ಯಾಕ್‌ನಲ್ಲಿ ಅಮಿಗಾ 500 ಕಂಪ್ಯೂಟರ್ ಜೊತೆಗೇ ಕೊಟ್ಟರು. ಬರೀ ಫ್ಲಾಪಿಗೆ ಇವತ್ತಿಗೂ ಬರವಿಲ್ಲ. ಬೆಲೆ ಬರುವುದು ಆಟ ಹೊರತಂದ ಸಿಗ್ನೋಸಿಸ್ ಕಂಪನಿಯ ಮೂಲ ಡಬ್ಬಿ, ಕೈಪಿಡಿ, ಎರಡೂ ಫ್ಲಾಪಿ ಎಲ್ಲ ಒಟ್ಟಿಗೆ ಚೊಕ್ಕವಾಗಿ ಇದ್ದಾಗ.

ಇನ್ನು ನೀವು ಹೊಗಳಿರುವ ‘ಸೀಲ್ ಒಡೆಯದ’ ಪ್ರತಿ. ಪ್ಲಾಸ್ಟಿಕ್ ಹಾಳೆ ಸುತ್ತಿ ಬಿಸಿಗಾಳಿ ಹಿಡಿದರೆ ಯಾವ ಡಬ್ಬಿಯೂ ಹೊಸದಾಗಿ ಕಾಣುತ್ತದೆ, ಅಲ್ವಾ? ಒಳಗಿನ ಫ್ಲಾಪಿಗೆ ಬೂಷ್ಟು ಹಿಡಿದಿದ್ದರೆ ಗೊತ್ತಾಗುವುದೇ ಇಲ್ಲ. ನಾನಾದರೆ ತೆರೆದ ಪ್ರತಿಯನ್ನೇ ಕೊಳ್ಳುತ್ತೇನೆ. ಫ್ಲಾಪಿಯ ಶಟರ್ (ಜಾರುವ ಮುಚ್ಚಳ) ಸರಿಸಿ, ಬೆಳಕಿಗೆ ಹಿಡಿದು ಒಳಗಿನ ತಟ್ಟೆ ನೋಡಬಹುದು. ಆಟ ಓಡಿಸಿ ತೋರಿಸಿ ಎಂದು ಮಾರುವವರನ್ನು ಕೇಳಬಹುದು. ಅಂದಹಾಗೆ, ಪಿಸಿಯ ಮಾಮೂಲಿ ಫ್ಲಾಪಿ ಡ್ರೈವ್‌ಗೆ ಹಾಕಿ ಪರೀಕ್ಷಿಸುತ್ತೇನೆ ಎಂದರೆ ನಡೆಯುವುದಿಲ್ಲ. ಅಮಿಗಾ ಫ್ಲಾಪಿಯಲ್ಲಿ ಮಾಹಿತಿ ಬರೆಯುವ ರೀತಿಯೇ ಬೇರೆ, ಅದನ್ನು ಓದಲು ಗ್ರೀಸ್‌ವೀಜಲ್‌ನಂಥ ವಿಶೇಷ ಬೋರ್ಡ್ ಬೇಕು. ಕೊಳ್ಳುವವರಿಗೆ ಬೇಕಾದ ಈ ವಿಷಯ ಲೇಖನದಲ್ಲಿ ಇಲ್ಲವೇ ಇಲ್ಲ.

ಇಬೇ ಜಾಲತಾಣದಲ್ಲಿ ಮಾರುವವರು ಹಾಕಿಕೊಂಡ ದರವನ್ನೇ ‘ಮಾರುಕಟ್ಟೆ ಬೆಲೆ’ ಎಂದಿರುವುದೂ ಸರಿಯಿಲ್ಲ. ಕೇಳುವುದಕ್ಕೇನು, ಎಷ್ಟು ಬೇಕಾದರೂ ಕೇಳಬಹುದು! ಅಲ್ಲೇ ಮಾರಾಟವಾದ ವಸ್ತುಗಳನ್ನು ಮಾತ್ರ ತೋರಿಸುವ ಫಿಲ್ಟರ್ ಇದೆ. ಅದನ್ನು ಒತ್ತಿ ನೋಡಿ, ಆಮೇಲೆ ಅಂಕಿ ಬರೆಯಿರಿ.