ವಿಜ್ಞಾನ ಮಾತು ಬದಲಿಸುತ್ತದೆ, ನಂಬುವುದು ಹೇಗೆ?

ಪ್ರಶ್ನೆ: ವಿಜ್ಞಾನ ತಾನು ಹೇಳಿದ್ದನ್ನು ತಾನೇ ತಿದ್ದುತ್ತಾ ಹೋಗುತ್ತದೆ. ಅದನ್ನು ನಂಬಲು ಇದು ಕಾರಣವೋ, ಅನುಮಾನಿಸಲು ಕಾರಣವೋ?

ಪರ: ತಿದ್ದಿಕೊಳ್ಳುತ್ತದೆ, ಅದಕ್ಕೇ ನಂಬಬೇಕು
(ಹಾಸನದ ನಿವೃತ್ತ ವಿಜ್ಞಾನ ಶಿಕ್ಷಕರೊಬ್ಬರು)

ಗೊರೂರಿಗೆ ಹೋದವರು ಅಣೆಕಟ್ಟೆಯ ನೀರು ನೋಡಿ ಬರುತ್ತಾರೆ. ಅಲ್ಲಿನ ಬಂಡೆಯನ್ನು ನೋಡುವವರು ಕಡಿಮೆ. ಬೂದು ಬಣ್ಣ, ಮೈಮೇಲೆ ಬಿಳಿ-ಕಪ್ಪು ಪಟ್ಟೆ. ಭೂವಿಜ್ಞಾನಿಗಳು ಅದನ್ನು ನೈಸ್ ಎನ್ನುತ್ತಾರೆ. ವಯಸ್ಸು ಸುಮಾರು 330 ಕೋಟಿ ವರ್ಷ. ದಕ್ಷಿಣ ಭಾರತದ ತುಂಬಾ ಹಳೆಯ ಕಲ್ಲುಗಳಲ್ಲಿ ನಮ್ಮ ಜಿಲ್ಲೆಯದೂ ಒಂದು.

1897ರಲ್ಲಿ ಲಾರ್ಡ್ ಕೆಲ್ವಿನ್ ಅವರನ್ನು ಕೇಳಿದ್ದರೆ ಹೀಗೊಂದು ಕಲ್ಲು ಇರಲು ಸಾಧ್ಯವೇ ಇಲ್ಲ ಎನ್ನುತ್ತಿದ್ದರು. ಅವರು ಆ ಕಾಲದ ದೊಡ್ಡ ಭೌತವಿಜ್ಞಾನಿ. ಅವರ ಲೆಕ್ಕದಲ್ಲಿ ಇಡೀ ಭೂಮಿಗೇ ವಯಸ್ಸು 2ರಿಂದ 4 ಕೋಟಿ ವರ್ಷ. ಭೂಮಿ ಮೊದಲು ಕರಗಿದ ಕೆಂಡವಾಗಿತ್ತು, ಇಷ್ಟು ತಣ್ಣಗಾಗಲು ಎಷ್ಟು ಕಾಲ ಹಿಡಿದಿರಬೇಕು ಎಂದು ಲೆಕ್ಕ ಹಾಕಿದ್ದರು. ಗಣಿತದಲ್ಲಿ ತಪ್ಪಿರಲಿಲ್ಲ. ಆದರೆ ಎರಡು ವಿಷಯ ಆ ಲೆಕ್ಕದೊಳಗೆ ಬಂದಿರಲಿಲ್ಲ. ಭೂಮಿಯ ಆಳದ ಬಂಡೆ ಬಹಳ ನಿಧಾನವಾಗಿ ಹರಿದಾಡಿ ಒಳಗಿನ ಬಿಸಿಯನ್ನು ಮೇಲಕ್ಕೆ ತರುತ್ತದೆ ಎಂಬುದು ಒಂದು. ಕೆಲ್ವಿನ್ ಕೈಕೆಳಗೆ ಹಿಂದೆ ಕೆಲಸ ಮಾಡಿದ್ದ ಜಾನ್ ಪೆರಿ ಈ ಕೊರತೆಯನ್ನು 1895ರಲ್ಲೇ ಎತ್ತಿ ತೋರಿಸಿದ್ದರು. ಎರಡನೆಯದು ವಿಕಿರಣ, ಅಂದರೆ ಯುರೇನಿಯಂನಂಥ ಧಾತುಗಳು ತಾವಾಗಿ ಒಡೆಯುತ್ತಾ ಬಿಸಿ ಹೊರಬಿಡುವುದು. ಬೆಕರೆಲ್ ಅದನ್ನು ಕಂಡದ್ದು 1896ರಲ್ಲಿ.

ಅಲ್ಲಿಂದ ಮುಂದೆ ಸಂಖ್ಯೆ ಹೇಗೆ ನಡೆಯಿತು ನೋಡಿ. 1907ರಲ್ಲಿ ಬೋಲ್ಟ್‌ವುಡ್ ಯುರೇನಿಯಂ ಮತ್ತು ಅದು ಒಡೆದು ಕೊನೆಗೆ ಆಗುವ ಸೀಸದ ಪ್ರಮಾಣ ನೋಡಿ ಬೇರೆ ಬೇರೆ ಕಲ್ಲುಗಳಿಗೆ 41 ಕೋಟಿಯಿಂದ 220 ಕೋಟಿ ವರ್ಷ ಎಂದರು. 1913ರಲ್ಲಿ ಆರ್ಥರ್ ಹೋಮ್ಸ್ ಭೂಮಿಗೆ 160 ಕೋಟಿ ಎಂದರು. 1956ರಲ್ಲಿ ಕ್ಲೇರ್ ಪ್ಯಾಟರ್ಸನ್ ಭೂಮಿಯ ಜೊತೆಗೇ ಹುಟ್ಟಿದ ಉಲ್ಕೆಗಳಲ್ಲಿನ ಸೀಸವನ್ನು ಅಳೆದು 455 ಕೋಟಿ ಎಂದರು. ಹೆಚ್ಚೆಂದರೆ 7 ಕೋಟಿ ಆಚೀಚೆ ಆಗಬಹುದು ಎಂದೂ ಬರೆದರು. ಇವತ್ತು ನಾವು ಹೇಳುವುದು 454 ಕೋಟಿ. ಇಷ್ಟು ವರ್ಷಗಳಲ್ಲಿ ಎಷ್ಟೋ ಹೊಸ ಉಪಕರಣ ಬಂದವು. ಚಂದ್ರನಿಂದ ಕಲ್ಲು ತಂದು ಅಳೆದರು. ಆದರೂ ಉತ್ತರ ಪ್ಯಾಟರ್ಸನ್ ಹಾಕಿದ ಆ 7 ಕೋಟಿಯ ಗೆರೆ ದಾಟಲಿಲ್ಲ.

"ಇವತ್ತು ಒಂದು ಹೇಳ್ತಾರೆ, ನಾಳೆ ಇನ್ನೊಂದು" ಎಂದು ದೂರುವವರು ಕತೆಯ ಈ ಕೊನೆಯ ಭಾಗವನ್ನು ಹೇಳುವುದೇ ಇಲ್ಲ. ಮೊದಲು ದೊಡ್ಡ ಬದಲಾವಣೆ, ಆಮೇಲೆ ಚಿಕ್ಕದು, ಆಮೇಲೆ ಇನ್ನೂ ಚಿಕ್ಕದು. ತಪ್ಪು ಕುಗ್ಗುತ್ತಾ ಬರುತ್ತದೆ. ಎಷ್ಟು ಸಲ ಬೇಕಾದರೂ ಹೇಳುತ್ತೇನೆ, ತಪ್ಪು ಕುಗ್ಗುತ್ತಾ ಬರುತ್ತದೆ.

ಒಮ್ಮೆ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತು ಕೇಳಿದಳು: "ಸಾರ್, ಕೆಲ್ವಿನ್ ಹೇಳಿದ್ದು ತಪ್ಪಾಯ್ತಲ್ಲ, ನೀವೀಗ ಹೇಳ್ತಿರೋದೂ ನಾಳೆ ತಪ್ಪಾಗುತ್ತೆ ಅಲ್ವಾ?" ನಾನು ಅಂದೆ: "ಸ್ವಲ್ಪ ತಪ್ಪಾಗಬಹುದು ಕಣಮ್ಮ. ಆದರೆ ಭೂಮಿಗೆ ನಾಲ್ಕೇ ಕೋಟಿ ವರ್ಷ ಅಂತ ಇನ್ನು ಯಾರೂ ಹೇಳಲು ಆಗಲ್ಲ." ಅವಳು ಒಪ್ಪಿದಂತೆ ಕಾಣಲಿಲ್ಲ. ಅವರ ಮನೆಯಲ್ಲಿ ಆಲೂಗಡ್ಡೆ ಬೆಳೆಯುತ್ತಿದ್ದರು. ಅದಕ್ಕೆ ಅಂಗಮಾರಿಯ ಕತೆ ಹೇಳಿದೆ.

ಹಾಸನದ ಆಲೂಗಡ್ಡೆ ಬೆಳೆಗಾರರಿಗೆ ಅಂಗಮಾರಿ ಏನೆಂದು ಯಾರೂ ಹೇಳಿಕೊಡಬೇಕಿಲ್ಲ. ಮೋಡ ಕವಿದು ಜಿಟಿಜಿಟಿ ಮಳೆ ಹಿಡಿಯಿತೆಂದರೆ ಎಲೆಯ ಅಂಚು ಕಪ್ಪಾಗುತ್ತದೆ. ನೋಡ ನೋಡುತ್ತಲೇ ಹೊಲವೆಲ್ಲ ಸುಟ್ಟಂತೆ ಆಗುತ್ತದೆ. 1845ರಲ್ಲಿ ಐರ್ಲೆಂಡಿಗೆ ಬಂದದ್ದು ಇದೇ ರೋಗ. ಮುಂದಿನ ವರ್ಷಗಳ ಕ್ಷಾಮದಲ್ಲಿ ಅಲ್ಲಿ ಸುಮಾರು 10 ಲಕ್ಷ ಜನ ಸತ್ತರು. ಆಗ ತಿಳಿದವರಲ್ಲಿ ಅನೇಕರು ಹೇಳಿದ್ದು ಹೀಗೆ: ತೇವ ಜಾಸ್ತಿಯಾಗಿ ಗಿಡ ತಾನಾಗಿ ಕೊಳೆಯುತ್ತದೆ, ಎಲೆಯ ಮೇಲಿನ ಬೂಷ್ಟು ಕೊಳೆತ ಮೇಲೆ ಬರುವಂಥದ್ದು. 1846ರಲ್ಲಿ ಬರ್ಕ್ಲಿ ಎಂಬ ಪಾದ್ರಿ ಅದನ್ನು ತಿರುಗಿಸಿ ಹೇಳಿದರು. ಬೂಷ್ಟೇ ಮೊದಲು, ಕೊಳೆಯುವುದು ಅದರಿಂದ. 1861ರಲ್ಲಿ ಜರ್ಮನಿಯ ಡಿ ಬಾರಿ ಪ್ರಯೋಗ ಮಾಡಿ ತೋರಿಸಿದರು. ಅಲ್ಲಿಂದ ನೂರು ವರ್ಷಕ್ಕೂ ಹೆಚ್ಚು ಕಾಲ ಅದನ್ನು ಶಿಲೀಂಧ್ರ ಎಂದೇ ಕಲಿಸಿದರು. ಈಗ ಜೀನ್ ಪರೀಕ್ಷೆಯಿಂದ ಗೊತ್ತಾಗಿದೆ, ಅದು ಶಿಲೀಂಧ್ರವೇ ಅಲ್ಲ. ಸಮುದ್ರದ ಕಂದು ಪಾಚಿಗೆ ಹತ್ತಿರದ ಕುಲ ಅದರದು.

ಮತ್ತೆ ಬದಲಾಯಿತು ಎನ್ನುತ್ತೀರಾ? ಬದಲಾದದ್ದು ಎಷ್ಟು ಎಂದು ನೋಡಿ. ಒಂದು ಜೀವಿಯಿಂದ ರೋಗ ಹರಡುತ್ತದೆ ಎಂದು ಡಿ ಬಾರಿ ತೋರಿಸಿದ್ದು ಹಾಗೇ ಇದೆ. ತೇವ ಬೇಕು ಎಂಬುದೂ ಹಾಗೇ ಇದೆ. ಆ ಜೀವಿ ಯಾವ ಕುಲಕ್ಕೆ ಸೇರಿದ್ದು ಎಂಬುದಷ್ಟೇ ಬದಲಾಯಿತು. ಅದರಿಂದ ರೈತನಿಗೆ ಉಪಯೋಗವೂ ಆಯಿತು. ಬೇರೆ ರೋಗಕ್ಕೆ ನಡೆಯುವ ಕೆಲವು ಶಿಲೀಂಧ್ರನಾಶಕಗಳು ಅಂಗಮಾರಿಗೆ ಏಕೆ ನಡೆಯುವುದಿಲ್ಲ, ಮೆಟಲಾಕ್ಸಿಲ್ ಎಂಬ ಔಷಧಿ ಈ ಗುಂಪಿನ ಮೇಲೆಯೇ ಏಕೆ ಕೆಲಸ ಮಾಡುತ್ತದೆ ಎಂಬುದು ಆಗ ಅರ್ಥವಾಯಿತು. ಅಡಿಕೆಯ ಕೊಳೆರೋಗ ತರುವುದೂ ಇದೇ ಕುಲದ ಜೀವಿ.

ರೋಗ ತಾಕದು ಎಂದ ತಳಿಗೂ ತಾಕಿತಲ್ಲ ಎಂದು ಚಿಕ್ಕಮಗಳೂರು ಕಡೆಯವರು ಕಾಫಿಯ ಮಾತು ತೆಗೆಯುತ್ತಾರೆ. ತೆಗೆಯಲಿ. 1911ರಲ್ಲಿ ಕೆಂಟ್ ಎಂಬ ಪ್ಲಾಂಟರ್ ಆರಿಸಿದ ತಳಿಗೆ ಮೊದಮೊದಲು ಎಲೆತುಕ್ಕು ರೋಗ ತಾಕುತ್ತಿರಲಿಲ್ಲ. ಕೆಲವು ವರ್ಷ ಕಳೆದ ಮೇಲೆ ತಾಕಿತು. ಏಕೆ ಎಂಬುದಕ್ಕೆ ಉತ್ತರ ಸಿಕ್ಕಿದ್ದು ನಮ್ಮ ಬಾಳೆಹೊನ್ನೂರಿನಲ್ಲಿ. 1925ರಲ್ಲಿ ಶುರುವಾದ ಅಲ್ಲಿನ ಕಾಫಿ ಸಂಶೋಧನಾ ಕೇಂದ್ರದಲ್ಲಿ ಮೇನ್ ಎಂಬ ವಿಜ್ಞಾನಿ 1930ರ ದಶಕದಲ್ಲಿ ತುಕ್ಕಿನಲ್ಲೇ ಬೇರೆ ಬೇರೆ ಪಂಗಡಗಳಿವೆ ಎಂದು ತೋರಿಸಿದರು. ಒಂದು ಪಂಗಡವನ್ನು ತಡೆಯುವ ಗಿಡಕ್ಕೆ ಇನ್ನೊಂದು ಅಂಟುತ್ತದೆ. ಕಾಫಿ ಬೆಳೆಯುವ ಎಲ್ಲ ದೇಶಗಳೂ ಇದನ್ನು ಕಲಿತದ್ದು ಮಲೆನಾಡಿನ ಕೆಲಸದಿಂದ. ಇದು ನಮಗೆ ಹೆಮ್ಮೆಯ ವಿಷಯ. ಈಗ ಅಂಥ 50ಕ್ಕೂ ಹೆಚ್ಚು ಪಂಗಡಗಳನ್ನು ಗುರುತಿಸಿದ್ದಾರೆ. ಇಲ್ಲಿ ವಿಜ್ಞಾನ ಮಾತು ಬದಲಿಸಿತು ಎನ್ನುವುದೇ ಸರಿಯಲ್ಲ. ರೋಗ ಬದಲಾಯಿತು. ವಿಜ್ಞಾನ ಅದರ ಬೆನ್ನು ಹತ್ತಿತು.

ಹಳೆಯದನ್ನು ಪೂರ್ತಿ ಎಸೆಯುತ್ತಾರೆ ಎಂಬುದೂ ಸುಳ್ಳು. ಹಾಸನದಲ್ಲಿ ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರ 1982ರಿಂದ ಇದೆ. ಅಲ್ಲಿಂದ ನೋಡಿಕೊಳ್ಳುವ ಎಷ್ಟೋ ಉಪಗ್ರಹಗಳು ನಮ್ಮ ತಲೆಯ ಮೇಲೆ 36,000 ಕಿ.ಮೀ. ಎತ್ತರದಲ್ಲಿವೆ. ಅವುಗಳ ದಾರಿಯ ಲೆಕ್ಕಕ್ಕೆ ಈಗಲೂ ಬುನಾದಿ 1687ರ ನ್ಯೂಟನ್ ನಿಯಮವೇ. ಐನ್‌ಸ್ಟೈನ್ ಬಂದು ಅದನ್ನು ಅಳಿಸಲಿಲ್ಲ. ಅದು ಎಲ್ಲಿಯವರೆಗೆ ಸಾಕು, ಎಲ್ಲಿಂದ ಸಾಲದು ಎಂದು ಗೆರೆ ಹಾಕಿದರು. ಸಾಲದ ಜಾಗವೂ ನಮ್ಮ ಮೊಬೈಲಿನಲ್ಲೇ ಇದೆ. ಜಿಪಿಎಸ್ ಉಪಗ್ರಹದ ಗಡಿಯಾರ ನೆಲದ ಗಡಿಯಾರಕ್ಕಿಂತ ದಿನಕ್ಕೆ ಸುಮಾರು 38 ಮೈಕ್ರೋಸೆಕೆಂಡ್ ಮುಂದೆ ಓಡುತ್ತದೆ. ಐನ್‌ಸ್ಟೈನ್ ಲೆಕ್ಕದಂತೆ ಅದನ್ನು ಸರಿಪಡಿಸದೆ ಬಿಟ್ಟರೆ ಒಂದೇ ದಿನದಲ್ಲಿ ದಾರಿ ಸುಮಾರು 10 ಕಿ.ಮೀ. ತಪ್ಪುತ್ತದೆ.

ವಿಜ್ಞಾನ ನಂಬಿ ಕೆಟ್ಟೆವು ಎನ್ನುವವರು ಇದ್ದಾರೆ. ಅವರನ್ನು ಕೆಡಿಸಿದ್ದು ವಿಜ್ಞಾನವಲ್ಲ. ಅರ್ಧ ತಿಳಿದು ಪೂರ್ತಿ ಮಾರುವವರು. ಎರಡನ್ನೂ ಬೆರೆಸಬಾರದು.

ನನಗೆ ಬೇಸರ ಇರುವುದು ನಮ್ಮ ಪರೀಕ್ಷೆಗಳ ಮೇಲೆ. ಭೂಮಿಯ ವಯಸ್ಸು 454 ಕೋಟಿ ಎಂದು ಬರೆದರೆ ಒಂದು ಅಂಕ ಕೊಡುತ್ತೇವೆ. ಅದು ಯಾರಿಗೆ ಹೇಗೆ ಗೊತ್ತಾಯಿತು, ಎಷ್ಟು ಆಚೀಚೆ ಆಗಬಹುದು ಎಂದು ಕೇಳುವುದೇ ಇಲ್ಲ. ಅದನ್ನೂ ಕೇಳಬೇಕು, ಅದಕ್ಕೆ ಇನ್ನೂ ಎರಡು ಅಂಕ ಇಡಬೇಕು.

ವಿರೋಧ: ತಿದ್ದುವ ಖರ್ಚು ಯಾರ ತಲೆಗೆ?
(ಮೂಡಿಗೆರೆ ಕಡೆಯ ಕಾಫಿ ಬೆಳೆಗಾರ್ತಿ)

ವಿರೋಧದ ಕಡೆಯಿಂದ ಬರೆಯಿರಿ ಎಂದು ನನ್ನನ್ನು ಕೇಳಿದ್ದಾರೆ. ನಾನು ವಿಜ್ಞಾನ ಬೇಡ ಎನ್ನುವವಳಲ್ಲ. ಮಣ್ಣು ಪರೀಕ್ಷೆ ಮಾಡಿಸಿಯೇ ಸುಣ್ಣ ಹಾಕುತ್ತೇನೆ. ಕಾಯಿಕೊರಕ ಹುಳುವಿಗೆ ಬಲೆ ಕಟ್ಟಿಸುತ್ತೇನೆ. ವಿಜ್ಞಾನದ ತಿಳಿವಳಿಕೆ ಕಾಲ ಹೋದಂತೆ ಸರಿಯಾಗುತ್ತಾ ಬರುತ್ತದೆ ಎಂಬುದನ್ನೂ ಒಪ್ಪುತ್ತೇನೆ. ಆದರೆ ಆ ಕಾಲ ಹೋಗುವುದು ಯಾರ ಆಯುಸ್ಸಿನಲ್ಲಿ ಎಂಬುದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಪರವಾಗಿ ಬರೆಯುವವರು ಗ್ರಹ, ನಕ್ಷತ್ರ, ಕಲ್ಲುಗಳ ಲೆಕ್ಕ ಕೊಡುತ್ತಾರೆ. ಕಲ್ಲಿನ ವಯಸ್ಸು ಎಷ್ಟು ಕೋಟಿ ಹೆಚ್ಚಾದರೂ ನಮ್ಮ ಊರಿನಲ್ಲಿ ಯಾರಿಗೂ ಸಾಲ ಆಗುವುದಿಲ್ಲ. ತೋಟದ ಮಾತು ಬೇರೆ. ಕಾಫಿ ಗಿಡ ನೆಟ್ಟರೆ ಫಸಲು ನೋಡಲು ಮೂರು-ನಾಲ್ಕು ವರ್ಷ ಬೇಕು. ಈ ತಳಿ ಬೇಡ, ಆ ತಳಿ ಹಾಕಿ ಎಂದು ಬರೆಯಲು ಒಂದು ಸಾಲು ಸಾಕು. ನಮಗೆ ಗಿಡ ಕಿತ್ತು, ಗುಂಡಿ ತೆಗೆಸಿ, ಮತ್ತೆ ನೆಟ್ಟು, ಮತ್ತೆ ಕಾಯಬೇಕು. ನೆರಳೂ ಹಾಗೆಯೇ. ಮರಗಸಿ (ನೆರಳಿನ ಮರದ ಕೊಂಬೆ ಕಡಿಯುವುದು) ಜಾಸ್ತಿ ಮಾಡಿ ಎಂದರು, ಮಾಡಿದೆವು. ಆಮೇಲೆ ಬಿಸಿಲು ಬಿದ್ದರೆ ಕಾಂಡಕೊರಕ ಹೆಚ್ಚುತ್ತದೆ, ನೆರಳು ಬಿಡಿ ಎಂದರು. ಕಡಿದ ಮರ ಮತ್ತೆ ಬರಲು ಎಷ್ಟು ವರ್ಷ ಬೇಕು ಹೇಳಿ?

ಕಾಂಡಕೊರಕದ ಮಾತು ಬಂದರೆ ನನಗೆ ಅಮ್ಮನ ಕೈ ನೆನಪಾಗುತ್ತದೆ. ಅರೇಬಿಕಾ ಕಾಫಿ ಬೆಳೆದವರಿಗೆ ಈ ಹುಳು ಗೊತ್ತು. ದುಂಬಿ ತೊಗಟೆಯ ಬಿರುಕಿನಲ್ಲಿ ಮೊಟ್ಟೆ ಇಡುತ್ತದೆ. ಮರಿಹುಳು ಕಾಂಡದ ಒಳಗೆ ಕೊರೆಯುತ್ತಾ ಹೋಗುತ್ತದೆ. ಹೊರಗೆ ಉಬ್ಬು ಕಾಣಿಸುವಷ್ಟರಲ್ಲಿ ಗಿಡ ಕೈಬಿಟ್ಟಂತೆ. ಕಿತ್ತು ಸುಡುವುದೇ ದಾರಿ. ನಾನು ಚಿಕ್ಕವಳಿದ್ದಾಗ ಇದಕ್ಕೆ ಹೇಳಿದ್ದ ಔಷಧಿ ಬಿಎಚ್‌ಸಿ ಎಂಬ ಕೀಟನಾಶಕ. ಪುಡಿಯನ್ನು ನೀರಿಗೆ ಕಲಸಿ, ತೊಗಟೆ ಉಜ್ಜಿ, ಬುಡದಿಂದ ಮೇಲಿನವರೆಗೆ ಬಳಿಯಬೇಕು. ಕೆಲಸದ ಹೆಂಗಸರ ಜೊತೆ ಅಮ್ಮನೂ ನಿಂತು ಬಳಿಯುತ್ತಿದ್ದರು. ಯಾರ ಕೈಗೂ ಗವಸು ಇರಲಿಲ್ಲ. ಸಂಜೆ ಸೋಪು ಹಚ್ಚಿ ಎಷ್ಟು ತೊಳೆದರೂ ಆ ವಾಸನೆ ಹೋಗುತ್ತಿರಲಿಲ್ಲ. ಅದೇ ಕೈಯಲ್ಲಿ ನಮಗೆ ಅನ್ನ ಕಲಸಿ ಕೊಡುತ್ತಿದ್ದರು. ಸಲಹೆ ಕೊಡಲು ಬಂದಿದ್ದವರನ್ನು ಅಜ್ಜಿ ಒಂದು ಸಲ ಕೇಳಿಯೇ ಬಿಟ್ಟರು, ಇದು ವಿಷ ಅಲ್ವಾ ಅಂತ. "ಅಮ್ಮಾ, ಹುಳುವಿಗೆ ಮಾತ್ರ ವಿಷ, ಮನುಷ್ಯರಿಗೆ ಏನೂ ಆಗಲ್ಲ, ಎಲ್ಲ ಪರೀಕ್ಷೆ ಆಗಿದೆ" ಎಂದರು.

1997ರಲ್ಲಿ ದೇಶದಲ್ಲಿ ಬಿಎಚ್‌ಸಿ ನಿಷೇಧವಾಯಿತು. ಅದರ ಜಾಗಕ್ಕೆ ಲಿಂಡೇನ್. ಅದು ಅದೇ ಬಿಎಚ್‌ಸಿಯಿಂದ ಬೇರ್ಪಡಿಸಿದ ಒಂದು ಅಂಶ. 2013ರಲ್ಲಿ ಅದನ್ನೂ ನಿಲ್ಲಿಸಿದರು. 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಲಿಂಡೇನ್ ಮನುಷ್ಯರಿಗೆ ಕ್ಯಾನ್ಸರ್ ತರುತ್ತದೆ ಎಂದು ಹೇಳಿತು. ವಿಜ್ಞಾನವೇ ಕಂಡುಹಿಡಿದದ್ದಲ್ಲವೇ ಎನ್ನಬಹುದು. ಆ ಹೊತ್ತಿಗೆ ನಮ್ಮ ಜನ ಎಷ್ಟು ಹಂಗಾಮು ಬಳಿದಿದ್ದರು? ಅಮ್ಮ ಗಟ್ಟಿಯಾಗಿದ್ದಾರೆ, ಅದು ನಮ್ಮ ಪುಣ್ಯ. ಜೊತೆಯಲ್ಲಿ ಬಳಿದ ಹೆಂಗಸರು ಒಬ್ಬೊಬ್ಬರು ಒಂದೊಂದು ಊರಿಗೆ ಹೋದರು. ಅವರು ಹೇಗಿದ್ದಾರೆ ಎಂದು ಯಾರೂ ಹುಡುಕಿಕೊಂಡು ಹೋಗಲಿಲ್ಲ. ಬಳಿಯಿರಿ ಎನ್ನಲು ಜೀಪು ಬಂದಿತ್ತು. ಬಳಿಯಬಾರದಿತ್ತು ಎನ್ನಲು ಯಾವ ಜೀಪೂ ಬರಲಿಲ್ಲ. ನಿಷೇಧದ ಸುದ್ದಿ ನಮಗೆ ಗೊತ್ತಾದದ್ದು ಔಷಧಿ ಅಂಗಡಿಯಲ್ಲಿ, ಸ್ಟಾಕು ಇಲ್ಲ ಎಂದಾಗ. ನನ್ನ ಕೋಪ ಇರುವುದು ಇಲ್ಲಿ.

ಇದೇ ಕ್ಯಾನ್ಸರ್ ಸಂಸ್ಥೆ 1991ರಲ್ಲಿ ಕಾಫಿಯಿಂದಲೂ ಮೂತ್ರಕೋಶದ ಕ್ಯಾನ್ಸರ್ ಬರಬಹುದು ಎಂದು ಪಟ್ಟಿಗೆ ಸೇರಿಸಿತ್ತು. 2016ರಲ್ಲಿ ಅದನ್ನು ಆ ಪಟ್ಟಿಯಿಂದ ತೆಗೆಯಿತು. ಕಾಫಿ ಜಾಸ್ತಿ ಕುಡಿಯುವವರಲ್ಲಿ ಸಿಗರೇಟು ಸೇದುವವರೂ ಜಾಸ್ತಿ, ಹಳೆಯ ಅಧ್ಯಯನಗಳಲ್ಲಿ ಎರಡನ್ನೂ ಬಿಡಿಸಿ ನೋಡುವುದು ಕಷ್ಟವಾಗಿತ್ತು ಎಂಬುದು ಆಮೇಲಿನ ವಿವರಣೆ. ವಿವರಣೆ ಸರಿಯೇ ಇದೆ. ಆದರೆ ಮಧ್ಯೆ 25 ವರ್ಷ ಹೋಯಿತು. ನಮ್ಮ ಚಿಕ್ಕಪ್ಪ ಕಾಫಿ ಬೆಳೆಯುತ್ತಲೇ ಕಾಫಿ ಕುಡಿಯುವುದನ್ನು ಬಿಟ್ಟಿದ್ದರು. ಹೆದರಿಕೆಯ ಸುದ್ದಿ ಮನೆ ಮನೆಗೆ ಮುಟ್ಟಿತು, ಸಮಾಧಾನದ ಸುದ್ದಿ ಅಷ್ಟು ಮುಟ್ಟಲಿಲ್ಲ.

ನಾನು ನಂಬುವುದು ನಿಂತು ತೋರಿಸಿದ್ದನ್ನು. ಅಡಿಕೆಯ ಕೊಳೆಗೆ ನಮ್ಮ ಹಿರಿಯರು ಮಳೆಗೆ ಮುಂಚೆ ಗೊನೆಗೆ ಕೊಟ್ಟೆ (ಮಳೆ ತಡೆಯುವ ಹೊದಿಕೆ) ಕಟ್ಟುತ್ತಿದ್ದರು. ಮೈಸೂರು ಸಂಸ್ಥಾನಕ್ಕೆ ಬಂದಿದ್ದ ಕೆನಡಾದ ಲೆಸ್ಲಿ ಕೋಲ್ಮನ್ 1910ರ ಸುಮಾರಿಗೆ ಆ ರೋಗವನ್ನು ಅಭ್ಯಾಸ ಮಾಡಿ ಬೋರ್ಡೋ ದ್ರಾವಣ ಹೊಡೆಯಿರಿ ಎಂದರು. ಮೈಲುತುತ್ತ, ಸುಣ್ಣ, ನೀರು, ಅಷ್ಟೇ. ನೂರು ವರ್ಷ ದಾಟಿದರೂ ಮಳೆಗಾಲಕ್ಕೆ ಮುಂಚೆ ಅದನ್ನೇ ಹೊಡೆಯುತ್ತೇವೆ. ಇಂಥ ಸಲಹೆಗೆ ಕೈಮುಗಿಯುತ್ತೇನೆ.

ಉಳಿದದ್ದಕ್ಕೆ ನನ್ನದು ಒಂದು ಷರತ್ತು. ಹೊಸ ಸಲಹೆ ಕೊಡುವಾಗ ಅದನ್ನು ಎಷ್ಟು ವರ್ಷ, ಎಂಥ ಮಳೆಯ ಜಾಗದಲ್ಲಿ ಮಾಡಿ ನೋಡಿದ್ದಾರೆ ಎಂದು ಅದೇ ಚೀಟಿಯಲ್ಲಿ ಬರೆದುಕೊಡಲಿ. ಯಾವ ಯಾವ ತೋಟಕ್ಕೆ ಹೇಳಿದೆವು ಎಂಬ ಪಟ್ಟಿ ಇಟ್ಟುಕೊಳ್ಳಲಿ. ಮಾತು ಬದಲಾದ ದಿನ ಅದೇ ಪಟ್ಟಿ ಹಿಡಿದು ವಾಪಸ್ ಬರಲಿ, ಬೇಕಾದರೆ ಡಾಕ್ಟರನ್ನೂ ಕರೆದುಕೊಂಡು ಬರಲಿ. ಅಲ್ಲಿಯವರೆಗೆ ಯಾರು ಏನೇ ಹೇಳಿದರೂ ಮೊದಲು ತೋಟದ ಮೂಲೆಯ ಕೆಲವು ಸಾಲುಗಳಿಗೆ ಮಾತ್ರ ಮಾಡುತ್ತೇನೆ. ಪಕ್ಕದ ಸಾಲುಗಳನ್ನು ಹಾಗೇ ಬಿಡುತ್ತೇನೆ. ಎರಡರ ಫಸಲನ್ನೂ ತೂಗಿ ನೋಡಿದ ಮೇಲೆ ಉಳಿದ ತೋಟದ ಮಾತು.